ಉಪ್ಪಿನ ಬಟ್ಟಲಿಗೆ ಬಿದ್ದ ಸಕ್ಕರೆ

ಆಗಿನ್ನೂ ದೋಹಾದಲ್ಲಿ ಮೆಟ್ರೋ ಬಂದಿರಲಿಲ್ಲ. ಅಲ್ ಮುಂತಜಾ ಬಡಾವಣೆಯ ನಮ್ಮ ಹಳೇ ಕಟ್ಟಡದ ಲಿಫ್ಟ್ ಇದ್ದೂ ಇಲ್ಲದ ಹಾಗೆ. ಮೇಲಿನ ಮನೆಯಲ್ಲಿ ಉಕ್ರೇನಿನ ಹಲೀನಾ ಆಂಟಿ ಇದ್ದರು. ಅವರ ಗಂಡನೂ ನನ್ನ ಅಪ್ಪನೂ ರಾಸ್ ಲಫಾನ್‌ನ ಒಂದೇ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಮಾಡುತ್ತಿದ್ದರು. ಶುಕ್ರವಾರ ಬಂತೆಂದರೆ ಆಂಟಿ ತಮ್ಮ ಊರಿನ ಹುಡುಗಿಯರನ್ನೆಲ್ಲ ಸೇರಿಸಿ ಜಾನಪದ ಕುಣಿತ ಕಲಿಸುತ್ತಿದ್ದರು; ಕೆಳಗೆ ನಮ್ಮ ಫ್ಯಾನು ಗಡಗಡ. ಜಗಳ ಮಾಡಲೆಂದೇ ಮೇಲೆ ಹೋದ ಅಮ್ಮ, ನನ್ನನ್ನೂ ತಂಡಕ್ಕೆ ಸೇರಿಸಿ ಕೆಳಗಿಳಿದು ಬಂದಳು. ಕುಣಿತಕ್ಕೆ ಒಬ್ಬಳು ಕಡಿಮೆಯಂತೆ! ನನ್ನನ್ನು ಒಂದು ಮಾತು ಕೇಳುವುದು ಬೇಡವೇ?

ನನ್ನ ಗ್ರಹಚಾರ ಒಂದೆರಡಲ್ಲ. ಆ ಸೆಕೆಯಲ್ಲಿ ಮೊಣಕಾಲವರೆಗಿನ ಕೆಂಪು ಬೂಟು. ತಲೆಗೆ ಬಟ್ಟೆ ಹೂವಿನ ಕಿರೀಟ, ಬೆನ್ನ ತುಂಬ ರಿಬ್ಬನ್ನು. ಅಮ್ಮ ಸುರಿದ ತೆಂಗಿನೆಣ್ಣೆಗೆ ಆ ಕಿರೀಟ ಜಾರಿ ಜಾರಿ ಮೂಗಿನ ಮೇಲೆ ಕೂರುತ್ತಿತ್ತು.

"ಎಣ್ಣೆ ಬೇಡಮ್ಮಾ."

"ತಲೆ ಕಾಯ್ತದೆ ಮಾರಾಯ್ತಿ, ಸುಮ್ನೆ ಕೂತ್ಕೋ."

ಕಿರೀಟ ಜಾರಿತೋ, ಆಂಟಿ ಹಾಡು ನಿಲ್ಲಿಸಿ, 'ನಡೀರಿ' ಎನ್ನುವ ಅರಬ್ಬಿ ಮಾತು ಸೇರಿಸಿ ಕಿರುಚುತ್ತಿದ್ದರು: "ಯಲ್ಲಾ, ಮೊದಲಿಂದ!" ಅಭ್ಯಾಸ ಮುಗಿದ ಮೇಲೆ ಅವರು ಕೊಡುತ್ತಿದ್ದ ಬಿಸಿ ಬ್ರೆಡ್ಡಿನ ಘಮ ಇಲ್ಲದಿದ್ದರೆ ನಾನು ಎಂದೋ ಖಲಾಸ್ ಹೇಳಿಬಿಡುತ್ತಿದ್ದೆ.

ಅವರಲ್ಲೊಂದು ಪದ್ಧತಿ. ಕುಣಿತಕ್ಕೆ ಮೊದಲು ಒಬ್ಬಳು ಕಸೂತಿ ಹಾಕಿದ ಟವೆಲಿನ ಮೇಲೆ ದೊಡ್ಡ ದುಂಡು ಬ್ರೆಡ್ಡು, ಅದರ ನೆತ್ತಿಗೆ ಉಪ್ಪಿನ ಪುಟ್ಟ ಬಟ್ಟಲು ಇಟ್ಟುಕೊಂಡು ಅತಿಥಿಯ ಮುಂದೆ ಬಗ್ಗಬೇಕು. ಅತಿಥಿ ಚೂರು ಮುರಿದು, ಉಪ್ಪಿಗೆ ಅದ್ದಿ ತಿನ್ನುತ್ತಾರೆ. "ಬ್ರೆಡ್ಡು ಹಿಡಿಯುವವಳು ಮನೆಮಗಳು" ಎನ್ನುತ್ತಿದ್ದರು ಆಂಟಿ. ನಾನೋ, ಅಲ್ಲಿ ಹೊರಗಿನವಳು. ಆ ಹುಡುಗಿಯರು ತಮ್ಮ ಭಾಷೆಯಲ್ಲಿ ಏನೋ ಹೇಳಿ ನಕ್ಕರೆ ಅರ್ಥವಾಗದೆ ನಾನೂ ಹಲ್ಲು ಕಿರಿಯುತ್ತಿದ್ದೆ. ಅಂಥ ನನಗೇ ಆ ವರ್ಷದ ಕಾರ್ಯಕ್ರಮಕ್ಕೆ ಬ್ರೆಡ್ಡು ಹಿಡಿಯುವ ಪಾಳಿ! ಅಭ್ಯಾಸಕ್ಕೆಂದು ಸ್ಟೀಲ್ ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಮನೆಯೆಲ್ಲ ಬಗ್ಗಿ ಬಗ್ಗಿ ನಡೆದೆ.

ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ. ಅತಿಥಿ, ಆಂಟಿಯ ಗಂಡನ ಮ್ಯಾನೇಜರ್, ಅವರದೇ ದೇಶದವರು. ನಾನು ಬಗ್ಗಿದೆ. ದೇವರ ದಯೆ, ಕಿರೀಟ ಜಾರಲಿಲ್ಲ. ಅವರು ಮುರಿದರು, ಅದ್ದಿದರು, ಬಾಯಿಗೆ ಹಾಕಿದವರು ಅಗಿಯುವುದನ್ನೇ ನಿಲ್ಲಿಸಿದರು. ಆಂಟಿ ಬಟ್ಟಲಿಗೆ ಬೆರಳಿಟ್ಟು ನೆಕ್ಕಿ ನನ್ನನ್ನು ನೋಡಿದರು. ಸಕ್ಕರೆ!

ಬದಿಯಿಂದ ಅಮ್ಮ ತನ್ನ ಹಿಂದಿ-ಇಂಗ್ಲಿಷ್ ಬೆರಕೆಯಲ್ಲಿ ಶುರು ಮಾಡಿದಳು. "ನಾನೇ ಹಾಕಿದ್ದು. ಉಪ್ಪು ಕೈಗೆ ಕೊಟ್ರೆ ಜಗಳ ಆಗ್ತದೆ. ಬಂದವರಿಗೆ ಸಿಹಿ ಅಲ್ವಾ ಕೊಡುದು? ನಮ್ಮಲ್ಲಿ ಬೆಲ್ಲ-ನೀರು. ಈ ಶಾಲೆಯಲ್ಲಿ ಬೆಲ್ಲ ಎಲ್ಲುಂಟು? ಟೀ ಟೇಬಲ್ಲಿನ ಸಕ್ಕರೆ ಹಾಕಿದೆ."

"ಯಲ್ಲಾ, ಮೊದಲಿಂದ!" ಎಂದರು ಆಂಟಿ. ಕ್ಯಾಂಟೀನಿನಿಂದ ಉಪ್ಪು ಬಂತು. ಬ್ರೆಡ್ಡು ಮಾತ್ರ ದಾರಿಯಾ ಎಂಬ ಹುಡುಗಿಯ ಕೈಗೆ ಹೋಯಿತು. ನಾನು ಹಿಂದಿನ ಸಾಲಿನಲ್ಲಿ ಅಳುತ್ತಾ ಕುಣಿದೆ, ಕಿರೀಟ ಮೂಗಿನ ಮೇಲೆ.

ಅಮ್ಮನ ಜೊತೆ ಎಷ್ಟೋ ದಿನ ಮಾತು ಬಿಟ್ಟೆ. ಜಗಳ ಆಗಬಾರದೆಂದು ಹಾಕಿದ ಸಕ್ಕರೆಗೇ ಜಗಳ!

ಮುಂದಿನ ಬೇಸಿಗೆಗೆ ಆಂಟಿಯ ಗಂಡನ ಕಾಂಟ್ರ್ಯಾಕ್ಟ್ ಮುಗಿಯಿತು. ಹೊರಡುವ ದಿನ ಅವರು ಬ್ರೆಡ್ಡು ಹಿಡಿದು ನಮ್ಮ ಬಾಗಿಲಿಗೆ ಬಂದರು, ನೆತ್ತಿಯಲ್ಲಿ ಉಪ್ಪು. ಟವೆಲು ಸಮೇತ ನನ್ನ ಕೈಗಿಟ್ಟು, ನನ್ನನ್ನು ಅಮ್ಮನತ್ತ ತಿರುಗಿಸಿ, "ಮೊದಲಿಂದ" ಎಂದರು, ಈ ಸಲ ಮೆಲ್ಲಗೆ. ನಾನು ಬಗ್ಗಿದೆ. ಅಮ್ಮ ಉಪ್ಪನ್ನೇ ನೋಡಿದಳು, ಚೂರು ಮುರಿದಳು, ಚೆನ್ನಾಗಿ ಅದ್ದಿ ತಿಂದಳು. ಆಮೇಲೆ ಒಳಗೆ ಹೋಗಿ ಆಂಟಿಗೆ ಬೆಲ್ಲ-ನೀರು ತಂದುಕೊಟ್ಟಳು.

ಆ ಕಟ್ಟಡ ಈಗಿಲ್ಲ. ಕುಣಿದ ಹುಡುಗಿಯರು ಯಾವ ಯಾವ ದೇಶದಲ್ಲಿದ್ದಾರೋ. ಆ ಹೆಜ್ಜೆಗಳೂ ನನಗೆ ಮರೆತುಹೋಗಿವೆ. ಅವರ ದೇಶದಲ್ಲಿ ಯುದ್ಧ ಶುರುವಾದ ದಿನದಿಂದ ಅಮ್ಮ ಆಂಟಿಯ ಹಳೇ ನಂಬರಿಗೆ ಫೋನ್ ಮಾಡುತ್ತಲೇ ಇದ್ದಾಳೆ. ಬೇಡ, ಅದಕ್ಕೆ ಈಗ ಫೋನ್ ಹೋಗುವುದಿಲ್ಲ ಎಂದರೆ ನನ್ನ ಮೇಲೇ ರೇಗುತ್ತಾಳೆ.

"ಅವಳ ಕೈಯ ಉಪ್ಪು ತಿಂದಿದ್ದೇನೆ. ಜಗಳ ಆಡ್ಲಿಕ್ಕಾದ್ರೂ ಒಮ್ಮೆ ಫೋನ್ ತೆಗೀಬಾರ್ದಾ ಆ ಹಲೀನಾ?"