ಬಿಸಿಲಿಗಿಟ್ಟ ಗುಹೆಯ ಮಣ್ಣು

ಕಳೆದ ಮಂಗಳವಾರ ನಮ್ಮ ಅತ್ತೆಯವರು ಸಾವಿರಾರು ವರ್ಷಗಳನ್ನು ಮೊರದಲ್ಲಿ ಹರವಿ ಬಿಸಿಲಿಗಿಟ್ಟರು.

ತಮಾಷೆಯಲ್ಲ. ನನ್ನ ಕಾನ್ವೆಂಟ್ ಗೆಳತಿಯ ಮಗಳು ವಿದ್ಯಾ ಪಿಎಚ್.ಡಿ. ಕೆಲಸಕ್ಕೆಂದು ಬಾಳಗಡಿಯ ನಮ್ಮ ಮನೆಯಲ್ಲಿ ಉಳಿದಿದ್ದಳು. ಬೆಳಿಗ್ಗೆ ಜೀಪ್ ಹತ್ತಿ ಮೆಣಸೆ ಕಡೆಯ ಕಾಡಿನ ಗುಹೆಯೊಂದಕ್ಕೆ ಹೋದರೆ, ಸಂಜೆ ಹುಬ್ಬಿಗೂ ಮಣ್ಣು ಮೆತ್ತಿಕೊಂಡು ಬರುವಳು. ಅಲ್ಲಿ ಮನುಷ್ಯರು ಮೊದಲು ವಾಸ ಮಾಡಿದ್ದು ಯಾವಾಗ? ಅದೇ ಅವಳ ಪ್ರಶ್ನೆ. ಅಗೆದ ಗುಂಡಿಯ ತಳದಲ್ಲಿ ಆ ಜನ ಕೆತ್ತಿದ ಕಲ್ಲಿನ ಚೂರುಗಳು ಸಿಕ್ಕಿದ್ದವು. ಅವುಗಳ ಜೊತೆಗಿದ್ದ ಮಣ್ಣನ್ನು ಕಬ್ಬಿಣದ ಪೈಪಿನಲ್ಲಿ ತುಂಬಿ, ಎರಡೂ ಬಾಯಿಗೆ ಕಪ್ಪು ಟೇಪ್ ಸುತ್ತಿ, ಮಂಚದ ಕೆಳಗೆ ಇಟ್ಟಿದ್ದಳು.

ಆವತ್ತು ನಾಲ್ಕು ದಿನದ ಮೋಡ ಕಳೆದು ಬಿಸಿಲು ಬಂತು. ಬಿಸಿಲು ಕಂಡರೆ ಮಲೆನಾಡಿನ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಹಾಸಿಗೆ, ಹಪ್ಪಳ, ಶೂ (ನಮ್ಮ ಯಜಮಾನರ ಹಳೇ ಫೈಲುಗಳು ಕೂಡ!) ಎಲ್ಲ ಅಂಗಳಕ್ಕೆ. ಜೊತೆಗೆ ಪೈಪಿನ ಮಣ್ಣೂ.

ಸ್ನಾನ ಮುಗಿಸಿ ಬಂದ ವಿದ್ಯಾ ಮೊರದ ಮುಂದೆ ನಿಂತುಬಿಟ್ಟಳು.

"ಅಜ್ಜಿ... ಇದು?"

"ನಿಂದೇ ಮಾರಾಯ್ತಿ. ಒದ್ದೆಯಿತ್ತು, ಬೂಷ್ಟು ಹಿಡಿದ್ರೆ ಎಂತ ಮಾಡ್ತಿ? ಕಲ್ಲೂ ಆರಿಸಿ ತೆಗ್ದಿದೀನಿ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. "ಮಣ್ಣಿನ ಕಣ ಕೊನೇ ಸಲ ಬಿಸಿಲು ಕಂಡಿದ್ದು ಯಾವಾಗ ಅಂತ ಲ್ಯಾಬಿನಲ್ಲಿ ಅಳೀತಾರೆ ಅಜ್ಜಿ. ವಯಸ್ಸು ಗೊತ್ತಾಗೋದೇ ಅದರಿಂದ."

"ಹಾಗಾದ್ರೆ ಈಗ?"

"ಈಗ ಅಳೆದ್ರೆ, ಇವತ್ತು ಬೆಳಿಗ್ಗೆ ಅಂತ ಬರುತ್ತೆ."

ನಗು ಬಂತು, ನುಂಗಿಕೊಂಡೆ. ಹುಡುಗಿಯ ಕಣ್ಣು ತುಂಬಿತ್ತು. ಅಗೆಯುವ ಪರ್ಮಿಷನ್ ಅವತ್ತಿಗೆ ಕೊನೆ. ಮಧ್ಯಾಹ್ನ ಆಳುಗಳು ಗುಂಡಿ ಮುಚ್ಚುತ್ತಾರೆ. ಆ ತಳದ ಮಣ್ಣಿಲ್ಲದೆ ಅವಳ ಮೂರು ವರ್ಷದ ಕೆಲಸಕ್ಕೆ ಬುಡವೇ ಇಲ್ಲ. ಫೋನ್ ಮಾಡಿ ತಡೆಯೋಣವೆಂದರೆ ಕಾಡಿನಲ್ಲಿ ಸಿಗ್ನಲ್ ಎಲ್ಲಿ?

ಅತ್ತೆ ಸಾರಿ ಕೇಳಲಿಲ್ಲ (ಆ ತಲೆಮಾರಿಗೆ ಅದು ಬಾಯಿಗೇ ಬರುವುದಿಲ್ಲ). ಒಳಗೆ ಹೋಗಿ ಕರೀ ಕಂಬಳಿ ತಂದರು. "ಏಳು ಕೂಸೇ, ಜೀಪ್ ಕರೆಸು. ನಾನೂ ಬತ್ತೆ."

ನಾವು ಗುಹೆ ಮುಟ್ಟಿದಾಗ ಗುಂಡಿಗೆ ಮೊದಲ ಬುಟ್ಟಿ ಮಣ್ಣು ಬಿದ್ದಾಗಿತ್ತು. "ನಿಲ್ಸ್ರೋ!" ಎಂದು ಅತ್ತೆ ಕೂಗಿದ ಕೂಗಿಗೆ ಬಾವಲಿಗಳೆಲ್ಲ ಎದ್ದವು. ವಿದ್ಯಾ ಗುಂಡಿಗಿಳಿದು, ತಳದ ಗೋಡೆಗೆ ಹೊಸ ಪೈಪ್ ಇಟ್ಟು ಸುತ್ತಿಗೆಯಿಂದ ಹೊಡೆಯತೊಡಗಿದಳು. ಅತ್ತೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಅವಳ ಮೇಲೆ ಕಂಬಳಿ ಹಿಡಿದರು.

"ಸಾಕಾ ಕತ್ತಲೆ?"

"ಸಾಕಜ್ಜಿ, ಉಸಿರಾಡೋಕೆ ಜಾಗ ಬಿಡಿ!"

ಪೈಪ್ ನಿನ್ನೆ ಲ್ಯಾಬಿಗೆ ಹೋಯಿತು. ಅತ್ತೆಯನ್ನು ಆಡಿಕೊಳ್ಳಲು ನನಗಂತೂ ಬಾಯಿಲ್ಲ. ಕೇಳದೆ ಮಗಳ ಮೇಜು ಒಪ್ಪ ಮಾಡಿ ಪರೀಕ್ಷೆಯ ಹಿಂದಿನ ದಿನ ಅವಳನ್ನು ಅಳಿಸಿದವಳು ನಾನು.

ಬಾವಲಿ, ಮುಳ್ಳುಹಂದಿ, ಆದಿಮಾನವರ ಬೆಂಕಿ ಎಲ್ಲವನ್ನೂ ಸಾವಿರಾರು ವರ್ಷ ತಾಳಿಕೊಂಡ ಮಣ್ಣು ಅದು. ನಮ್ಮ ಮನೆಯ ಕಾಳಜಿಯನ್ನು ಒಂದು ಬೆಳಿಗ್ಗೆ ತಾಳಲಿಲ್ಲ ನೋಡಿ!