ಕ್ಯಾಚರ್ ಹುಡುಗಿಯ ಮುಖ

ನನ್ನ ಮಗಳು ಸಾಫ್ಟ್‌ಬಾಲ್ ಆಡುತ್ತಿದ್ದಳು, ಅದರಲ್ಲೂ ಕ್ಯಾಚರ್. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಮುಖಕ್ಕೆ ಸರಳಿನ ಮಾಸ್ಕು ಹಾಕಿಕೊಂಡು, ಎದುರಿನಿಂದ ರೊಯ್ಯನೆ ಬರುವ ಚೆಂಡನ್ನೆಲ್ಲ ಹಿಡಿಯುವ ಕೆಲಸ. ಅವಳ ಹಿಂದೆ, ನೋಡಲು ಬಂದವರಿಗೆ ಚೆಂಡು ಬಡಿಯದಿರಲೆಂದು ಕಟ್ಟಿದ ಬಲೆ. ಬಲೆಯ ಹಿಂದೆ ನಿಂತರೆ ಬೆನ್ನು, ಪಕ್ಕಕ್ಕೆ ಹೋದರೆ ಮಾಸ್ಕು. ಫೋಟೋ ತೆಗೆಯುವವನಿಗೆ ಇದಕ್ಕಿಂತ ದರಿದ್ರದ ಜಾಗ ಇಡೀ ಮೈದಾನದಲ್ಲಿ ಇನ್ನೊಂದಿಲ್ಲ.

ನಾನು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯೊಂದರಲ್ಲಿ ಗುಮಾಸ್ತ. ಕ್ಯಾಮೆರಾ ನನ್ನ ಕಸುಬಲ್ಲ. ಚಾಮರಾಜನಗರದಲ್ಲಿ ಮದುವೆ ಫೋಟೋ ತೆಗೆಯುವವರೊಬ್ಬರು ಹೊಸದು ಕೊಂಡಾಗ ಅವರ ಹಳೆಯದನ್ನು ನಾನು ತಂದುಕೊಂಡೆ. ಮೊದಮೊದಲ ಫೋಟೋಗಳನ್ನು ನೆನೆದರೆ ಈಗಲೂ ನಾಚಿಕೆ. ಬಲೆಯೇನೋ ಚೆನ್ನಾಗಿಯೇ ಬಂದಿತ್ತು, ಗಂಟು ಗಂಟೂ ಎದ್ದು ಕಾಣುತ್ತಿತ್ತು. ಅದರಾಚೆ ಮಗಳು ಮಾತ್ರ ಮಸುಕು ಮಸುಕು. ಹಂಗಳದಲ್ಲಿರುವ ಅವ್ವನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಇದ್ಯಾವ ಕರಡಿ ಮರೀಲಾ, ಬೋನಲ್ಲಿ ಕೂತಿರದು? ನನ್ ಮೊಮ್ಮಗಳ್ನ ತೋರ್ಸ್ಲಾ ಅಂದ್ರೆ!" ಎಂದಳು.

ನಾನು ನಕ್ಕೆ. ಮಗಳು ನಗಲಿಲ್ಲ. "ಮೊಕ ಕಾಣಂಗೆ ಒಂದಾದ್ರೂ ತೆಗಿಯಪ್ಪ," ಎಂದಳು. ಅವಳು ನನ್ನನ್ನು ಕೇಳಿದ್ದು ಅಷ್ಟೇ.

ನನಗೂ ಹಟ ಹತ್ತಿತು. ರಜೆ ಸಿಕ್ಕಾಗಲೆಲ್ಲ ಮೈದಾನದಲ್ಲೇ ಬಿದ್ದಿರುತ್ತಿದ್ದೆ. ಲೆನ್ಸನ್ನು ಬಲೆಗೆ ಒತ್ತಿ ಹಿಡಿದರೆ ಬಲೆ ಮಾಯವಾಗುತ್ತದೆ ಎಂದು ಗೊತ್ತಾಗಲು ಎಷ್ಟೋ ಫೋಟೋಗಳು ಹಾಳಾಗಬೇಕಾಯಿತು. ನಿಂತು ತೆಗೆದರೆ ಆಡುವವರೆಲ್ಲ ನೆಲಕ್ಕಂಟಿದ ಕುಳ್ಳರ ಹಾಗೆ ಕಾಣುತ್ತಾರೆ, ಅದಕ್ಕೆ ಮಂಡಿಯೂರಬೇಕು. ಚೆಂಡಿನ ಹಿಂದೆ ಕ್ಯಾಮೆರಾ ಓಡಿಸಿದರೆ ಚೆಂಡೂ ಸಿಗದು, ಹುಡುಗಿಯೂ ಸಿಗಳು. ಚೆಂಡು ಎಲ್ಲಿಗೆ ಬಂದೇ ಬರುತ್ತದೋ ಅಲ್ಲಿ ಫೋಕಸ್ ಇಟ್ಟು ಕಾಯಬೇಕು. ಶಟರ್ ವೇಗ ಏರಿಸದಿದ್ದರೆ ಬೀಸಿದ ಬ್ಯಾಟು ಬೀಸಣಿಗೆಯಾಗಿಬಿಡುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದರೆ ಮಾಸ್ಕಿನೊಳಗೆ ಬರೀ ಕತ್ತಲು. ಪ್ಯಾಂಟಿನ ಮೊಣಕಾಲೆಲ್ಲ ಕೆಮ್ಮಣ್ಣಾಗಿದ್ದನ್ನು ನೋಡಿ ಈರುಳ್ಳಿ ಮಂಡಿಯ ಹಮಾಲಿಗಳು, "ಯಾವ್ ದೇವ್ರಿಗಣ್ಣ ಅರಕೆ?" ಎಂದು ಕಾಲೆಳೆಯುತ್ತಿದ್ದರು.

ಕ್ಯಾಚರಿನ ಮುಖ ಕಾಣುವುದು ಒಂದೇ ಗಳಿಗೆ. ಬ್ಯಾಟಿಗೆ ತಾಗಿದ ಚೆಂಡು ನೆಟ್ಟಗೆ ಮೇಲಕ್ಕೆ ಹಾರಿದಾಗ ಅವಳು ಮಾಸ್ಕು ಕಿತ್ತೆಸೆದು ಆಕಾಶ ನೋಡುತ್ತಾಳೆ. ಆ ಗಳಿಗೆಗಾಗಿ ಕಾದೆ. ಬಂದಾಗ ಒಮ್ಮೆ ಅಂಪೈರ್ ಅಡ್ಡ ನಿಂತರು, ಇನ್ನೊಮ್ಮೆ ನನ್ನ ಫೋಕಸ್ಸೇ ತಪ್ಪಿತು.

ಆದರೆ ನಮ್ಮೂರ ಮೈದಾನದ ಒಂದು ಪಂದ್ಯದಲ್ಲಿ ಬೇರೊಂದು ಫೋಟೋ ಸಿಕ್ಕಿತು. ಎದುರು ತಂಡದ ಹುಡುಗಿ ಓಟ ಮುಗಿಸಲು ನೆಲದ ಮೇಲೆ ಜಾರಿಕೊಂಡು ಬರುತ್ತಿದ್ದಾಳೆ, ದೂಳು ಎದ್ದಿದೆ, ನನ್ನ ಮಗಳ ಗ್ಲೌಸು ಅವಳ ಕಾಲಿಗೆ ತಾಗಿದೆ, ಗ್ಲೌಸಿನೊಳಗೆ ಚೆಂಡು. ಹಾಗೆ ತಾಗಿಸಿದರೆ ಓಡಿ ಬಂದವಳು ಔಟ್. ಮುಖದ ಮೇಲೆ ಮಾಸ್ಕು ಇತ್ತು, ಇರಲಿ. ಆ ಔಟಿನಿಂದಲೇ ನಾವು ಗೆದ್ದೆವು. ಹಿಗ್ಗಿ ಹೀರೇಕಾಯಿಯಾಗಿ ಅದನ್ನು ಮಗಳು ಆಡುವ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ವಾರ ಕಳೆಯುವುದರೊಳಗೆ ಹೆದ್ದಾರಿ ಬದಿಯಲ್ಲಿ ಫ್ಲೆಕ್ಸ್ ಎದ್ದಿತು. ನಮ್ಮ ಕಡೆ ಯಾರು ಏನು ಗೆದ್ದರೂ ಫ್ಲೆಕ್ಸ್ ಆಗಲೇಬೇಕು. ಮೇಲೆ ಕೈಮುಗಿದ ಮುಖಂಡರು, ಕೆಳಗೆ ಸಾಲು ಸಾಲು ಶುಭ ಕೋರುವವರು. ನಡುವೆ ಇಷ್ಟಗಲ ನಾನು ತೆಗೆದ ಫೋಟೋ. ಪಕ್ಕದ ದುಂಡನೆಯ ಚೌಕಟ್ಟಿನಲ್ಲಿ ಬೆಳ್ಳಗೆ ತಿದ್ದಿದ ಒಂದು ಮುಖ, ಅದರ ಕೆಳಗೆ 'ನಮ್ಮೂರ ಹೆಮ್ಮೆಯ ಕ್ಯಾಚರ್' ಎಂಬ ಅಕ್ಷರ. ಮುಖ ನನ್ನ ಮಗಳದ್ದಲ್ಲ. ಕ್ಲಬ್ಬಿನ ಅಧ್ಯಕ್ಷರ ತಮ್ಮನ ಮಗಳದ್ದು. ಅವಳೂ ಕ್ಯಾಚರೇ, ಆದರೆ ಆ ಪಂದ್ಯವಿಡೀ ಬೆಂಚಿನ ಮೇಲೆ ಕೂತಿದ್ದಳು.

ನನ್ನ ಮೈಯೆಲ್ಲ ಉರಿದುಹೋಯಿತು. ನೇರ ಅಧ್ಯಕ್ಷರ ಮನೆಗೇ ಹೋದೆ. ಅವರು ತಿಂಡಿ ತಿನ್ನುತ್ತಾ, "ಬುಡಿ ಅತ್ಲಾಗೆ. ಮಾಸ್ಕ್ ಆಕಂಡಿರೋರು ಯಾರಾದ್ರೇನು? ಟೀಮ್ ಗೆದ್ದದೆ ತಾನೆ?" ಎಂದರು.

"ಅದು ನನ್ನ ಮಗಳು ಸಾರ್."

"ಮೊಕ ತೋರ್ಸಿ ಮತ್ತೆ."

ನನ್ನ ಹತ್ತಿರ ಮುಖ ಇರಲಿಲ್ಲ. ನಾನು ಎದ್ದು ಬಂದೆ. ರಾತ್ರಿ ಗ್ರೂಪಿನಲ್ಲಿ ಇದ್ದದ್ದು ಇದ್ದಂತೆ ಬರೆದೆ. ಆಟ ಕಣ್ಣಾರೆ ಕಂಡಿದ್ದವರಲ್ಲಿ ಒಬ್ಬರೂ ಹೌದೆನ್ನಲಿಲ್ಲ. ಮಗಳು ಕಾಲೇಜಿನ ಬಸ್ಸಿನಲ್ಲಿ ಆ ಫ್ಲೆಕ್ಸ್ ಕಾಣದ ಕಡೆಯ ಸೀಟು ಹುಡುಕಿಕೊಂಡು ಕೂರತೊಡಗಿದಳು.

ಮುಂದಿನ ಪಂದ್ಯ ಚಾಮರಾಜನಗರದಲ್ಲಿ. ಈ ಸಲ ಮುಖ ಸಿಗಲೇಬೇಕೆಂದು ಬೆಳಗಿನ ಮೊದಲ ಬಸ್ಸಿಗೇ ಹೋಗಿ ಬಲೆಯ ಅಂಚಿನಲ್ಲಿ ಜಾಗ ಹಿಡಿದೆ. ಎಳೆಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಆಟ ಶುರುವಾಯಿತು. ಕುಕ್ಕರಗಾಲಲ್ಲಿ ಕೂತ ಹುಡುಗಿ ಎಡವಟ್ಟಾಗಿ ಗ್ಲೌಸು ಹಿಡಿದಿದ್ದಳು. ಅದು ನನ್ನ ಮಗಳ ಕೈಯಲ್ಲ. ತಿರುಗಿ ನೋಡಿದರೆ ಮಗಳು ಬೆಂಚಿನ ಮೇಲಿದ್ದಾಳೆ, ಕಾಲ ಬಳಿ ಎಲ್ಲರ ನೀರಿನ ಬಾಟಲಿಗಳು. ಕೋಚನ್ನು ಕೇಳಿದೆ. ಅವರು ನನ್ನ ಮುಖ ನೋಡದೆ, "ಇವತ್ತೊಂದಿನ ರೆಸ್ಟು ಬುಡಿ," ಎಂದರು. ಕೈಯಲ್ಲಿದ್ದ ಕ್ಯಾಮೆರಾವನ್ನು ಅವರ ತಲೆಗೇ ಕುಕ್ಕಬೇಕೆನಿಸಿತು.

ಸ್ವಲ್ಪ ಹೊತ್ತಿಗೆ ಚೆಂಡು ನೆಟ್ಟಗೆ ಮೇಲಕ್ಕೆ ಹಾರಿತು. ಅಷ್ಟು ದಿನ ನಾನು ಕಾದಿದ್ದ ಗಳಿಗೆ. ಮೈದಾನದಲ್ಲಿದ್ದ ಹುಡುಗಿ ಮಾಸ್ಕು ಕಿತ್ತೆಸೆದಳು, ಅದೇ ಫ್ಲೆಕ್ಸಿನ ಮುಖ. ನಾನು ಕ್ಯಾಮೆರಾ ಬೆಂಚಿನತ್ತ ತಿರುಗಿಸಿದೆ. ಮಗಳು ತನಗೇ ಗೊತ್ತಿಲ್ಲದೆ ಅರ್ಧ ಎದ್ದಿದ್ದಳು. ಕಣ್ಣು ಆಕಾಶದಲ್ಲಿ, ಗ್ಲೌಸಿಲ್ಲದ ಎಡಗೈ ಬಿಚ್ಚಿಕೊಂಡು ಮುಂದಕ್ಕೆ ಚಾಚಿತ್ತು. ಬಲೆ ಇಲ್ಲ, ಮಾಸ್ಕಿಲ್ಲ, ಅಡ್ಡ ಯಾರೂ ಇಲ್ಲ. ಒತ್ತಿದೆ, ಫೋಕಸ್ ತಪ್ಪಲಿಲ್ಲ. ಕಲಿತದ್ದೆಲ್ಲ ಅವತ್ತೇ ಕೈಹಿಡಿಯಿತು.

ಅದಾದ ಮೇಲೆ ಅವಳು ಮೈದಾನದ ಕಡೆ ಹೋಗಲಿಲ್ಲ. ಕ್ಯಾಮೆರಾ ಬೀರುವಿನೊಳಗೆ ಸೇರಿತು.

ಹಂಗಳಕ್ಕೆ ಹೋದಾಗ ಅವ್ವನಿಗೆ ಆ ಫೋಟೋ ತೋರಿಸಿದೆ. ಈ ಸಲ ಅವಳು ಕಣ್ಣು ಕಿರಿದು ಮಾಡಬೇಕಾಗಲಿಲ್ಲ. "ಇದು ಕಣ್ಲಾ ಫೋಟೋ ಅಂದ್ರೆ! ಮೊಕ ಎಷ್ಟ್ ಚೆಂದಾಗ್ ಬಂದದೆ ನೋಡು," ಎಂದು ಬೆರಳಿನಿಂದ ಸವರಿದಳು. ಆಮೇಲೆ ಬೆರಳು ಆ ಬರಿಗೈಯ ಹತ್ತಿರ ನಿಂತಿತು.

"ಕೈ ಯಾಕ್ಲಾ ಇಂಗೆ ಚಾಚ್ಕಂಡವ್ಳೆ? ಏನ್ ಬೇಕಂತೆ?"

"ಚೆಂಡು ಕಣವ್ವ," ಎಂದೆ.