ಕಲ್ಲು ನೆಕ್ಕುವ ದೊಡ್ಡಯ್ಯನವರು

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪಳೆಯುಳಿಕೆ ತಜ್ಞ ದೊಡ್ಡಯ್ಯನವರು ಯಾವ ಕಲ್ಲು ಕಂಡರೂ ಮೊದಲು ನೆಕ್ಕಿ ನೋಡುತ್ತಿದ್ದರು. ಹಳೆಯ ಮೂಳೆಯಾದರೆ ನಾಲಿಗೆಗೆ ಅಂಟುತ್ತದಂತೆ. ಅವರ ಮಂಚದ ಕೆಳಗೆ, ಅಡುಗೆಮನೆಯ ಕಪಾಟಿನಲ್ಲಿ, ಎಲ್ಲೆಲ್ಲೂ ಡೈನೋಸಾರ್ ಕಾಲದ ಕಲ್ಲುಗಳೇ. ಏಲೂರಿನ ಬಸ್ಸು ಎರಡು ಗಂಟೆ ತಡವಾದರೂ, "ಈ ಕಲ್ಲು ಹನ್ನೆರಡು ಕೋಟಿ ವರ್ಷ ಕಾದೈತೆ, ನಮಗೇನು ಅವಸರ?" ಎಂದು ಚೀಲ ತಟ್ಟುತ್ತಿದ್ದರು. ತೊಂಬತ್ತೊಂದನೇ ಇಸವಿಯಲ್ಲಿ, ಅವರು ಕಲ್ಲು ಹುಡುಕಲು ಹೋಗುತ್ತಿದ್ದ ಏಲೂರಿನ ಕಡೆಯ ಕಲ್ಲು ಕ್ವಾರಿಯ ಕೂಲಿ ನೂಕಾಲಮ್ಮ, ಎಲೆಯೊಂದು ಅಚ್ಚೊತ್ತಿದ್ದ ಕಲ್ಲನ್ನು ಸೆರಗಿನಲ್ಲಿ ಸುತ್ತಿ ತಂದುಕೊಟ್ಟಳು. ಅಂಥ ಎಲೆಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ದೊಡ್ಡಯ್ಯನವರು ಆ ಹೊಸ ಸಸ್ಯಜಾತಿಗೆ ಅವಳ ಹೆಸರನ್ನೇ ಇಟ್ಟರು. "ಏಮಯ್ಯಾ, ಹೊಸ ಜಾತಿಗೆ ಕೂಲಿಯವಳ ಹೆಸರೇ?" ಎಂದು ಅವರ ಕಚೇರಿಯ ಮೇಲಧಿಕಾರಿ ಗದರಿದರು. "ಕಂಡೋಳು ಅವಳು ಸಾರ್," ಎಂದರು ದೊಡ್ಡಯ್ಯನವರು. "ನಾನು ಇಪ್ಪತ್ತು ವರ್ಷ ಅದನ್ನ ತುಳಕೊಂಡೇ ಓಡಾಡಿದ್ದೆ."